ಮದುವೆ ಬಸ್ಸಿಗೆ ಟಿಕೆಟ್ ಕೊಡದವರು

ನಮ್ಮ ಮೇಡಂಗೆ ಬಲಗಿವಿಯಲ್ಲಿ ಓಲೆ, ಎಡಗಿವಿ ಬೋಳು. ದಿನವಿಡೀ ಫೋನು ಒತ್ತಿಕೊಳ್ಳುವ ಕಿವಿ ಅದು. ಬೆಳಿಗ್ಗೆ ಕುವೆಂಪುನಗರದ ತಮ್ಮ ಟ್ರಾವೆಲ್ಸ್ ಅಂಗಡಿಯ ಬೀಗ ತೆಗೆದವರೇ ಒಂದು ಓಲೆ ಬಿಚ್ಚಿ ಮೇಜಿನ ಮೇಲಿಟ್ಟು, "ಹೂಂ, ಶುರು ಮಾಡಮ್ಮ" ಎನ್ನುತ್ತಿದ್ದರು. ಅಲ್ಲಿ ಕೆಲಸಕ್ಕಿದ್ದವಳು ನಾನೊಬ್ಬಳೇ; ಬೈಸಿಕೊಳ್ಳುವುದಕ್ಕೂ ನಾನೊಬ್ಬಳೇ.

ವಿಮಾನದ ಕಾನೂನನ್ನು ಅವರು ನನಗೆ ಬಸ್ಸಿನ ಲೆಕ್ಕದಲ್ಲಿ ಕಲಿಸಿದರು. ಅವರ ತಂದೆ ಮಂಡಿ ಮೊಹಲ್ಲಾದಲ್ಲಿ ಮದುವೆ ಬಸ್ಸು ಓಡಿಸುತ್ತಿದ್ದವರು. "ಟೈಮ್ ಹಾಕ್ಕೊಂಡು, ಬಂದೋರಿಗೆಲ್ಲ ಟಿಕೆಟ್ ಕೊಟ್ಟು ಬೇರೆ ದೇಶಕ್ಕೆ ಹಾರೋದು ರೂಟ್ ಬಸ್ಸು. ಅದಕ್ಕೆ ಎರಡೂ ಸರ್ಕಾರ ಒಪ್ಪಂದ ಮಾಡ್ಕೊಂಡಿರಬೇಕು. ಒಂದೇ ಗುಂಪು ಇಡೀ ವಿಮಾನ ಬಾಡಿಗೆಗೆ ಹಿಡಿದ್ರೆ ಅದು ಚಾರ್ಟರ್, ಮದುವೆ ಬಸ್ಸು. ಅದೊಂದು ಸಲಕ್ಕೆ, ಆ ಜನಕ್ಕೆ ಮಾತ್ರ ಪರ್ಮಿಷನ್ನು. ದಾರೀಲಿ ಕೈ ಅಡ್ಡ ಹಾಕ್ದೋರನ್ನ ಹತ್ತಿಸ್ಕೊಂಡ್ರೆ ಗಾಡಿ ಸೀಜ್ ಕಣಮ್ಮ!"

ಒಂದು ವರ್ಷ ಮೇಡಂ ಪೈಕಿಯ ಬೌದ್ಧ ಕುಟುಂಬಗಳೆಲ್ಲ ಸೇರಿ ಅನುರಾಧಪುರದ ಬೋಧಿವೃಕ್ಷ ನೋಡಲು ಬೆಂಗಳೂರಿನಿಂದ ಕೊಲಂಬೊಗೆ ವಿಮಾನ ಗೊತ್ತುಮಾಡಿದರು. ಊರವರನ್ನೆಲ್ಲ ಊರೂರಿಗೆ ಕಳಿಸಿದ ಮೇಡಂ ಅಂತೂ ತಾವೇ ಹೊರಟಿದ್ದರು. ಆ ಮರದಡಿ ಒಮ್ಮೆ ಕೂರಬೇಕೆಂಬುದು ಅವರ ಬಹುಕಾಲದ ಆಸೆ.

ಹೊರಡುವ ದಿನ ಬೆಳಿಗ್ಗೆಯೇ ನನಗೆ ಫೋನ್ ಬಂತು. ಕಡಕೊಳದ ಕಾರ್ಖಾನೆಯಿಂದ ಯಂತ್ರ ಜೋಡಿಸಲು ಕೊಲಂಬೊಗೆ ಹೋಗಿದ್ದ ಅಪ್ಪನಿಗೆ ಹೃದಯಾಘಾತ. ಮನೆಯಲ್ಲಿ ಅಪ್ಪ, ನಾನು ಇಬ್ಬರೇ. ಟಿಕೆಟ್ ಸಿಗುವ ವಿಮಾನ ಇದ್ದದ್ದು ಮರುದಿನ, ಅದೂ ಚೆನ್ನೈ ಮೂಲಕ. ನಮ್ಮ ಚಾರ್ಟರ್ ಸಂಜೆಗೇ ಹೊರಡುತ್ತಿತ್ತು. ಅದರಲ್ಲಿ ಸೀಟುಗಳೂ ಖಾಲಿಯಿದ್ದವು.

"ಒಂದು ಸೀಟು ಕೊಡಿ ಮೇಡಂ" ಎಂದು ಅವರ ಕೈ ಹಿಡಿದೆ. ಅವರು ವಿಮಾನದವರಿಗೆ ಫೋನ್ ಮಾಡಿ ಬೇಡಿಕೊಂಡರು. ಹೊಸ ಹೆಸರಿಗೆ ಮತ್ತೆ ಅನುಮತಿ ತರಬೇಕು, ಇವತ್ತು ಆಗದ ಮಾತು ಎಂದು ಉತ್ತರ ಬಂತು.

"ಗುಂಪಿನ ಜೊತೆ ನುಗ್ಗಿಸ್ಬುಡಿ. ಯಾರು ಕೇಳ್ತಾರೆ?"

"ಕೇಳ್ತಾರೆ ಕಣಮ್ಮ. ಸಿಕ್ಕಾಕೊಂಡ್ರೆ ವಿಮಾನಾನೇ ನಿಲ್ಲಿಸ್ತಾರೆ. ಅಷ್ಟು ಜನ ವಯಸ್ಸಾದೋರನ್ನ ನಂಬಿಸಿ ಕರ್ಕೊಂಡು ಹೊರಟಿದೀನಿ. ಆಗಲ್ಲ."

"ನಿಮ್ಮಪ್ಪ ಆಗಿದ್ರೆ?" ಎಂದೆ. ಅವರು ಪಕ್ಕದಲ್ಲಿದ್ದ ಗಂಡನಿಗೆ, "ಗುಂಪನ್ನ ನೀವು ಕರ್ಕೊಂಡೋಗ್ರಿ. ನಾನು ಇವಳ ಜೊತೆ ನಾಳೆ ಬರ್ತೀನಿ" ಎಂದರು.

ಚೆನ್ನೈನಲ್ಲಿ ವಿಮಾನ ತಡವಾಯಿತು. ನಾನು ಅವರೊಡನೆ ಮಾತು ಬಿಟ್ಟಿದ್ದೆ. ಅವರು ಕೊಲಂಬೊ ಆಸ್ಪತ್ರೆಗೆ ಫೋನ್ ಮಾಡುತ್ತಲೇ ಇದ್ದರು. ಫೋನ್ ಇಟ್ಟಾಗಲೆಲ್ಲ ನಾನು ಅವರ ಮುಖ ನೋಡುತ್ತಿದ್ದೆ. "ಇದಾರೆ" ಎನ್ನುತ್ತಿದ್ದರು. ಮತ್ತೆ ಫೋನ್. "ಇದಾರೆ ಕಣಮ್ಮ."

ಅಪ್ಪ ಉಳಿದರು. ಅಲ್ಲಿದ್ದಷ್ಟು ದಿನವೂ ಮೇಡಂ ಆಸ್ಪತ್ರೆಯ ಬೆಂಚು ಬಿಟ್ಟು ಏಳಲಿಲ್ಲ. ಉಳಿದವರೆಲ್ಲ ಅನುರಾಧಪುರಕ್ಕೆ ಹೊರಟ ದಿನ, ನೀವೂ ಹೋಗಿಬನ್ನಿ ಎಂದೆ. "ಅಷ್ಟು ಕಾಲದಿಂದ ನಿಂತಿರೋ ಮರ, ಇನ್ನೊಂದು ವರ್ಷ ನಿಲ್ಲಲ್ವಾ? ನೀನು ಮೊದ್ಲು ಬನ್ನು ತಿನ್ನು" ಎಂದರು.

ಮರ ನಿಂತೇ ಇದೆ. ಕಳೆದ ಚಳಿಗಾಲದಲ್ಲಿ ಮೇಡಂ ಹೋಗಿಬಿಟ್ಟರು, ಅನುರಾಧಪುರ ನೋಡದೆಯೇ. ಭಾರ ಎತ್ತಲೇಬಾರದೆಂದು ಡಾಕ್ಟರು ಹೇಳಿದ್ದರೂ ಅಪ್ಪ ಯಾರ ಮಾತೂ ಕೇಳದೆ ಅವರ ಚಟ್ಟಕ್ಕೆ ಹೆಗಲು ಕೊಟ್ಟರು. ನಾನು ತಡೆಯಲಿಲ್ಲ.