ತಪಾಸಣೆಗೆ ಹಚ್ಚಿದ ಬೆಳ್ಳಿಬಣ್ಣ

ಸಿರುಗುಪ್ಪದಲ್ಲಿ ಪಿಯುಸಿ ಮುಗಿಸಿ ಬಳ್ಳಾರಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೇರಿದಾಗ ನನ್ನ ಸೋದರಮಾವ ಕೇಳಿದ್ದು ಒಂದೇ ಪ್ರಶ್ನೆ: "ಅಂದ್ರ ಟ್ರ್ಯಾಕ್ಟರ್ ರಿಪೇರಿ ಮಾಡ್ತೀಯೇನವ್ವಾ?" ಹೂಂ ಎಂದೆ. ನಾಲ್ಕು ವರ್ಷ ಓದಿದ ಮೇಲೆ ಅದೂ ಬರುವುದಿಲ್ಲ ಎಂದು ಗೊತ್ತಾಯಿತು. ವರ್ಕ್‌ಶಾಪಿನಲ್ಲಿ ನಾವು ಇಬ್ಬರು ಹುಡುಗಿಯರು ಅರ ಹಿಡಿದರೆ ಸಾಕು, ಮೇಷ್ಟ್ರು ಓಡಿಬಂದು ಅದನ್ನು ಹುಡುಗರ ಕೈಗೆ ಕೊಡುತ್ತಿದ್ದರು. ಆದರೂ ಹೆಚ್ಚು ಅಂಕ ನಮಗೇ ಬರುತ್ತಿತ್ತು. ನಮ್ಮ ಅಕ್ಷರ ದುಂಡಗಿತ್ತಲ್ಲ.

ಮದುವೆಯಾಗಿ ಕುರುಗೋಡಿಗೆ ಬಂದೆ. ಅಲ್ಲಿಂದ ದಿನಾ ಬಸ್ಸು ಹಿಡಿದು ಬಳ್ಳಾರಿಯ ಒಂದು ಕಾಲೇಜಿನಲ್ಲಿ, ನನಗೆ ಬಾರದ್ದನ್ನು ಮಕ್ಕಳಿಗೆ ಕಲಿಸತೊಡಗಿದೆ. ಪಿಎಚ್‌ಡಿ ಇಲ್ಲದವರನ್ನು ಇನ್ನು ಇಟ್ಟುಕೊಳ್ಳುವುದಿಲ್ಲ ಎಂದು ಆಡಳಿತ ಮಂಡಳಿ ಹೇಳಿದ ದಿನ ನನ್ನೊಳಗೆ ಸಂಶೋಧಕಿ ಹುಟ್ಟಿದಳು.

ನನ್ನ ಮಾರ್ಗದರ್ಶಕರದು ಸರಳ ಸಿದ್ಧಾಂತ. "ಅಲ್ಯೂಮಿನಿಯಂ ಕರಗಸ್ರಿ, ಯಾವುದರ ಒಂದು ಬೂದಿ ಕಲಸ್ರಿ, ಗಟ್ಟಿ ಆತೋ ಇಲ್ಲೋ ನೋಡ್ರಿ. ಡಾಕ್ಟರ್ ಆಗ್ತೀರಿ." ನಮ್ಮ ವಿಭಾಗದಲ್ಲಿ ಆಗಲೇ ಭತ್ತದ ಹೊಟ್ಟಿನ ಬೂದಿ, ತೆಂಗಿನ ಚಿಪ್ಪಿನ ಬೂದಿ, ಕಬ್ಬಿನ ಸಿಪ್ಪೆಯ ಬೂದಿ ಎಲ್ಲ ಮುಗಿದಿದ್ದವು. ಉಳಿದದ್ದು ವಿಭೂತಿಯೊಂದೇ.

ನನಗೆ ಬೇರೆ ಆಸೆಯಿತ್ತು. ನಾನು ಹುಟ್ಟಿದ ಹಚ್ಚೊಳ್ಳಿಯಲ್ಲಿ ಕಾಲುವೆ ನೀರಿನೊಡನೆ ಬರುವ ಮರಳು ಪಂಪುಗಳ ಇಂಪೆಲ್ಲರ್ ಅನ್ನು, ಅಂದರೆ ಒಳಗೆ ತಿರುಗಿ ನೀರು ತಳ್ಳುವ ಚಕ್ರವನ್ನು, ತಿಂದುಹಾಕುತ್ತದೆ. ಎಷ್ಟು ತಿನ್ನುತ್ತದೆ ಎಂದು ತಿಳಿಯಬೇಕಿತ್ತು. ಹೊಸ ಇಂಪೆಲ್ಲರ್‌ಗಳನ್ನು ತೂಗಿ ರೈತರ ಪಂಪುಗಳಿಗೆ ಹಾಕಿಸಿದೆ. ಕಾಲುವೆ ನಿಂತ ಮೇಲೆ ಅವನ್ನು ಬಿಚ್ಚಿಸಿ, ಮಗುವನ್ನು ಹೊತ್ತ ಹಾಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಕಾಲೇಜಿನ ಲ್ಯಾಬಿನಲ್ಲಿಟ್ಟೆ. ಸೋಮವಾರ ಮತ್ತೆ ತೂಗಿ, ಎಷ್ಟು ಕಡಿಮೆಯಾಗಿದೆ ಎಂದು ಬರೆದುಕೊಂಡರೆ ಕೆಲಸ ಮುಗಿಯುತ್ತಿತ್ತು.

ಆದರೆ ಅದೇ ಸೋಮವಾರ ಕಾಲೇಜಿಗೆ ತಪಾಸಣಾ ಸಮಿತಿ ಬರುವುದಿತ್ತು. ನಮ್ಮಲ್ಲಿ ಸಮಿತಿ ಎಂದರೆ ಬಣ್ಣ. ಸಮಿತಿ ಬಂದಾಗಲೆಲ್ಲ ಲೇತಿಗೆ ಹಸಿರು ಬಳಿಯುತ್ತಾರೆ. ಕಬ್ಬಿಣಕ್ಕಿಂತ ಬಣ್ಣದ ಪದರವೇ ದಪ್ಪ. ಬೆಳಿಗ್ಗೆ ಬಾಗಿಲು ತೆರೆದು ನೋಡುತ್ತೇನೆ, ನನ್ನ ಇಂಪೆಲ್ಲರ್‌ಗಳೆಲ್ಲ ಬೆಳ್ಳಿಬಣ್ಣ ಹಚ್ಚಿಕೊಂಡು ಮದುವಣಗಿತ್ತಿಯರಂತೆ ಸಾಲಾಗಿ ಕೂತಿವೆ. ಬಣ್ಣವನ್ನು ಥಿನ್ನರ್ ಹಾಕಿ ತೆಗೆಯಬಹುದಿತ್ತು. ಆದರೆ ಅದು ಹಿಡಿಯಲೆಂದು ಮೊದಲು ಎಮರಿ ಪೇಪರಿನಿಂದ ಚೆನ್ನಾಗಿ ಉಜ್ಜಿದ್ದರು. ಮರಳು ತಿಂದದ್ದೆಷ್ಟು, ಪೇಪರು ತಿಂದದ್ದೆಷ್ಟು ಎಂದು ಇನ್ನು ಆ ಹಂಪಿಯ ಪಂಪಾಪತಿಯೇ ಹೇಳಬೇಕು. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತೆ.

"ಅಳ್ತೀರ್ಯಾಕ ಮೇಡಂ," ಎಂದರು ಪ್ರಾಂಶುಪಾಲರು. "ತುಕ್ಕು ಹಿಡಿದು ಅಸಹ್ಯ ಕಾಣ್ತಿದ್ವು." ಸಮಿತಿಯವರು ಲ್ಯಾಬ್ ಬಹಳ ಅಚ್ಚುಕಟ್ಟಾಗಿದೆ ಎಂದು ಹೊಗಳಿ ಊಟಕ್ಕೆ ಹೋದರು.

ಸಂಜೆ ಮಾರ್ಗದರ್ಶಕರು ಕರೆದು, "ಅಂದಾಜಿನ ಮ್ಯಾಲೆ ಅಂಕಿ ಹಾಕಿಬಿಡ್ರಿ. ಯಾರು ಹಚ್ಚೊಳ್ಳಿ ಕಾಲುವಿಗೆ ಇಳಿದು ನೋಡಾಕ ಬರ್ತಾರ?" ಎಂದರು. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಪಂಪುಗಳನ್ನು ಬಿಚ್ಚಿಕೊಟ್ಟವರು ನನ್ನ ಊರಿನವರು. ಅವರ ಹೆಸರಿನಲ್ಲಿ ಸುಳ್ಳು ಬರೆಯಲು ಕೈ ಏಳಲಿಲ್ಲ. ಆಗುವುದಿಲ್ಲ ಎಂದೆ. ಅವರು ಮುಖ ಗಂಟಿಕ್ಕಿಕೊಂಡರು.

ಮತ್ತೆ ಕಾಲುವೆಗೆ ನೀರು ಬಿಡುವವರೆಗೆ ಕಾದೆ. ಮತ್ತೆ ರೈತರ ಮುಂದೆ ಹಲ್ಲು ಗಿಂಜಿ ಹೊಸ ಇಂಪೆಲ್ಲರ್‌ಗಳನ್ನು ತೂಗಿ ಹಾಕಿಸಿದೆ. ಈ ಸಲ ಬಿಚ್ಚಿಸಿದ ಮೇಲೆ ಅವನ್ನು ಕಾಲೇಜಿಗೆ ತರದೆ ಕುರುಗೋಡಿನ ಮನೆಯಲ್ಲಿ, ಅಕ್ಕಿ ಡಬ್ಬಿಯ ಪಕ್ಕ ಇಟ್ಟೆ. ತೂಗುವ ದಿನ ಮಾತ್ರ ಒಯ್ದು, ತೂಗಿ, ವಾಪಸು ತಂದೆ. ಪ್ರಬಂಧ ಒಂದು ವರ್ಷ ತಡವಾಯಿತು. ಅದರಲ್ಲಿ ಒಂದೂ ಅಂದಾಜಿನ ಅಂಕಿಯಿಲ್ಲ.

ಕೊನೆಯ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುವುತ್ತಾ, "ಕೆಲಸ ಚೆನ್ನಾಗಿದೆ. ಆದರೆ ಒಂದು ವರ್ಷ ಯಾಕೆ ತಡ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಾರ್ಗದರ್ಶಕರು ನಕ್ಕು, "ಹೆಣ್ಮಕ್ಕಳಲ್ರೀ ಸಾರ್, ಮನಿ ತಾಪತ್ರಯ ಇರ್ತಾವು," ಎಂದರು.

"ಇಲ್ರೀ ಸಾರ್," ಎಂದೆ. "ಇಂಪೆಲ್ಲರ್ ಮನ್ಯಾಗ ಇಟ್ಟಿದ್ದಕ್ಕ ಉಳಿದಾವು."