ಪರದೆಯ ಇಂಚು, ರವಿಕೆಯ ಇಂಚು

ನಮ್ಮ ಮನೆಯವರು ಚಿತ್ರದುರ್ಗಕ್ಕೆ ಹೋದದ್ದು ನನ್ನ ಹೊಲಿಗೆ ಯಂತ್ರಕ್ಕೆ ಬೆಲ್ಟ್ ತರಲಿಕ್ಕೆ. ತಂದದ್ದು ಲ್ಯಾಪ್‌ಟಾಪು. ಬೆಲ್ಟ್ ಮರೆತು ಬಂದಿದ್ದರು.

"ಸೆಕೆಂಡ್ ಹ್ಯಾಂಡು ಕಣೇ. ಆದ್ರೆ ಎಷ್ಟು ತೆಳ್ಳಗೈತೆ ನೋಡು!" ಎಂದು ಚಪಾತಿ ತಿರುವಿ ಹಾಕುವವರ ಹಾಗೆ ಅದನ್ನು ಒಂದೇ ಕೈಯಲ್ಲಿ ಆಡಿಸಿ ತೋರಿಸಿದರು. ಅವರು ನಮ್ಮ ಹೊಳಲ್ಕೆರೆಯಲ್ಲೇ ಹೈಸ್ಕೂಲಿನ ಗಣಿತದ ಮೇಷ್ಟ್ರು. ನಾನು ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತೇನೆ. ಬೆನ್ನಿನ ಕತ್ತಿಗೆ ಕಳಶ, ತಾವರೆ, ನವಿಲು ಎಂದು ತರಹೇವಾರಿ ಆಕಾರ ಕೇಳುವವರು ಈಗ ಹೆಚ್ಚು. ಅದನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಆ ಕಾಗದವನ್ನು ಬಟ್ಟೆಯ ಮೇಲಿಟ್ಟು ಕತ್ತರಿಸುವುದು ನನ್ನ ಪದ್ಧತಿ. ಪ್ರಿಂಟಿಗೆ ಕಳಿಸುವ ಮುಂಚೆ ಹೊಲಿಗೆಯ ಟೇಪನ್ನು ಪರದೆಯ ಮೇಲೇ ಇಟ್ಟು ಅಳೆದುಬಿಡುತ್ತಿದ್ದೆ. ಹಳೇ ಲ್ಯಾಪ್‌ಟಾಪಿನಲ್ಲಿ ಪರದೆಯ ಮೇಲೆ ಏಳು ಇಂಚು ಬಂದರೆ ಕಾಗದದ ಮೇಲೂ ಏಳೇ. ಒಂದು ದಿನವೂ ತಪ್ಪಿರಲಿಲ್ಲ.

ಆ ಹಳೇ ಲ್ಯಾಪ್‌ಟಾಪು ದೋಸೆ ಹಂಚಿನ ಹಾಗೆ ಕಾಯುತ್ತಿತ್ತು. ಚಳಿಗಾಲದಲ್ಲಿ ನಮ್ಮ ಅತ್ತೆ ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಅದರ ಬೆನ್ನಿಗೆ ಒತ್ತಿ ಇಡುತ್ತಿದ್ದರು. ನಾನು ನವಿಲು ಬಿಡಿಸುವಷ್ಟರಲ್ಲಿ ಮೊಸರು ಗಟ್ಟಿಯಾಗುತ್ತಿತ್ತು. ಹಾಗಾಗಿ ಹೊಸದು ಬಂದಾಗ ಅವರು ಮೊದಲು ಮಾಡಿದ ಕೆಲಸ ಅದರ ತಳಕ್ಕೆ ಅಂಗೈ ಇಟ್ಟು ನೋಡಿದ್ದು.

"ಏನಪ್ಪ, ಇದು ತಣ್ಣಗೈತಲ್ಲ? ಜೀವ ಐತೋ ಇಲ್ಲೋ?"

"ಇದ್ರೊಳಗಿರೋದು ಆರ್ಮ್ ಅನ್ನೋ ಚಿಪ್ಪು ಕಣಮ್ಮ. ಫೋನಿನೊಳಗೆ ಇರ್ತೈತಲ್ಲ, ಅದೇ ಜಾತಿ. ಬಿಸಿನೇ ಆಗಲ್ಲ. ಫ್ಯಾನೂ ಇಲ್ಲ."

"ಬಿಸಿನೇ ಆಗ್ದಿದ್ರೆ ಮೊಸರು ಹೆಂಗ್ ಆಗ್ತೈತೋ?" ಎಂದು ಅತ್ತೆ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಅವರ ಲೆಕ್ಕದಲ್ಲಿ ಆ ಯಂತ್ರದ ಕಥೆ ಅಲ್ಲಿಗೆ ಮುಗಿದಿತ್ತು.

ಇವರ ಲೆಕ್ಕದಲ್ಲಿ ಆಗಷ್ಟೇ ಶುರು. ಅದರ ಜೊತೆ ಬಂದದ್ದನ್ನೆಲ್ಲ ಅಳಿಸಿ ಲಿನಕ್ಸ್ ಎನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದರು. "ಕಾಸೂ ಕೊಡಂಗಿಲ್ಲ, ಯಾರ್ ಅಪ್ಪಣೆನೂ ಕೇಳಂಗಿಲ್ಲ" ಎನ್ನುವುದು ಅವರ ವಾದ. ಹಾಕಿದ ಮೇಲೆ ಸದ್ದು ಬರಲಿಲ್ಲ, ಕ್ಯಾಮೆರಾ ಕಣ್ಣು ಬಿಡಲಿಲ್ಲ. ಅದಕ್ಕೆಲ್ಲ ಇವರು ಬೇಸರ ಮಾಡಿಕೊಳ್ಳಲಿಲ್ಲ. "ಕೀಬೋರ್ಡು ಕೆಲ್ಸ ಮಾಡ್ತೈತೆ ಬಾರೇ ಇಲ್ಲಿ!" ಎಂದು, ಮಗು ಅಂಬೆಗಾಲಿಟ್ಟಿತೇನೋ ಎನ್ನುವ ಹಾಗೆ, ಒಗ್ಗರಣೆ ಹಾಕುತ್ತಿದ್ದವಳನ್ನು ಕೂಗಿ ಕರೆದರು. ಹೋಗಿ ನೋಡಿದೆ. ಪರದೆಯ ಮೇಲೆ ಗಸಗಸೆ ಚೆಲ್ಲಿತ್ತು.

ಗಸಗಸೆಯಲ್ಲ, ಅಕ್ಷರ. ಆ ಪರದೆಯಲ್ಲಿ ಇಂಚಿಂಚಿಗೂ ಮಾಮೂಲಿಗಿಂತ ಎಷ್ಟೋ ಹೆಚ್ಚು ಚುಕ್ಕಿಗಳನ್ನು ತುರುಕಿದ್ದಾರಂತೆ. ಚುಕ್ಕಿ ಚಿಕ್ಕದಾದ್ದರಿಂದ ಅಕ್ಷರವೂ ಚಿಕ್ಕದು. ಇವರು ಸ್ಕೂಲಿನ ಲ್ಯಾಬಿನಿಂದ ಭೂತಗನ್ನಡಿ ತಂದು, ಒಂದು ಕಣ್ಣು ಮುಚ್ಚಿ, ಸೆಟ್ಟಿಂಗ್ಸ್ ಎಲ್ಲಿದೆ ಎಂದು ಹುಡುಕಿದರು. ಅಲ್ಲಿ "ಇನ್ನೂರು ಪರ್ಸೆಂಟು" ಎನ್ನುವುದನ್ನು ಒತ್ತಿದ್ದೇ, ಎಲ್ಲವೂ ಒಮ್ಮೆಗೇ ಉಬ್ಬಿ ಎದುರಿಗೆ ಬಂದು ನಿಂತಿತು. ಎಲ್ಲವೂ ಎಂದರೆ ಎಲ್ಲವೂ ಅಲ್ಲ. ಪರದೆಯ ಮೇಲಿನ ಕೆಲವು ಕಿಟಕಿಗಳು ಮಾತು ಕೇಳಿದವು, ಕೆಲವು ಕೇಳಲಿಲ್ಲ. ಒಂದರಲ್ಲಿ ಅಕ್ಷರ ಬದನೆಕಾಯಿ, ಪಕ್ಕದ್ದರಲ್ಲಿ ಜೀರಿಗೆ. ಮೌಸಿನ ಬಾಣವೂ ಅಷ್ಟೇ, ಈ ಕಿಟಕಿಯಲ್ಲಿ ದಪ್ಪ, ಆ ಕಿಟಕಿಗೆ ಹೋದರೆ ಸಣ್ಣ. ಅತ್ತೆಗೆ ಅದೊಂದು ಮಾತ್ರ ಬಹಳ ಹಿಡಿಸಿತು. ಅಕ್ಕಿ ಆರಿಸುತ್ತಾ ಕುಳಿತು, "ಇನ್ನೊಂದ್ ಸಲ ಅತ್ಲಾಗೆ ಕಳ್ಸೋ. ಹ್ಞಾ, ಬಡಕಲಾದ. ಆ ಮನೇಲಿ ಊಟಕ್ಕಿಕ್ಕಲ್ಲ ಅನ್ಸುತ್ತೆ" ಎಂದು ನಗುತ್ತಿದ್ದರು.

ನಾನು ಹಿಂದೆ ಚಿತ್ರ ಬಿಡಿಸುತ್ತಿದ್ದ ತಂತ್ರಾಂಶ ಬೇರೆ ಜಾತಿಯ ಚಿಪ್ಪಿನದಾದ್ದರಿಂದ ಇದರಲ್ಲಿ ಏಳಲೇ ಇಲ್ಲ. ಇವರು ಇನ್ನೊಂದು ಉಚಿತವಾದದ್ದನ್ನು ಹಾಕಿಕೊಟ್ಟರು. ಕೂತು ಕಲಿತೆ. ಕೈ ಪಳಗಿದ ಮೇಲೆ ಚೆನ್ನಾಗಿಯೇ ಇತ್ತು. ಆ ದಟ್ಟ ಪರದೆಯಲ್ಲಿ ನವಿಲುಗರಿಯ ಗೆರೆ ಎಷ್ಟು ನುಣುಪಾಗಿ ಕಾಣುತ್ತದೆಂದರೆ, ಬೆರಳಲ್ಲಿ ಸವರಬೇಕು ಅನ್ನಿಸುತ್ತದೆ. ಸವರಿದೆ. ಬೆರಳಿನಲ್ಲಿ ಎಣ್ಣೆ ಇತ್ತು. ಅದು ಬೇರೆ ಜಗಳ.

ಇಷ್ಟರಲ್ಲಿ ಹಿರಿಯೂರಿನಲ್ಲಿ ನನ್ನ ನಾದಿನಿಯ ಮಗಳಿಗೆ ಗಂಡು ಗೊತ್ತಾಯಿತು. ಹುಡುಗನ ಕಡೆಯವರು ಹೊಸದುರ್ಗದವರು. ಅವರಲ್ಲಿ ಒಂದು ಪದ್ಧತಿ. ನಿಶ್ಚಿತಾರ್ಥದ ಸೀರೆಯನ್ನು ಆ ದಿನ ತಟ್ಟೆಯಲ್ಲಿಟ್ಟು ಅವರೇ ತರಬೇಕು, ಅಲ್ಲಿಯತನಕ ಅದು ಹೆಣ್ಣಿನ ಮನೆಯ ಹೊಸಿಲು ದಾಟಬಾರದು. ರವಿಕೆ ಮಾತ್ರ ಮೊದಲೇ ಹೊಲಿಸಬೇಕಲ್ಲ, ಅದಕ್ಕೆ ಸೀರೆಯ ತುದಿಯಲ್ಲಿರುವ ರವಿಕೆ ಕಣವನ್ನಷ್ಟೇ ಕತ್ತರಿಸಿ, ಅರಿಶಿನ ಹಚ್ಚಿ ಕಳಿಸುತ್ತಾರೆ. ಅಂದರೆ ಆ ಬಣ್ಣ, ಆ ಜರಿಯ ಬಟ್ಟೆ ನಮ್ಮ ಹತ್ತಿರ ಅಷ್ಟೇ ಇರುವುದು. ಕೆಟ್ಟರೆ ಇನ್ನೊಂದಿಲ್ಲ.

ಹುಡುಗಿ ಫೋನ್ ಮಾಡಿದಳು. "ಅತ್ತೆ, ಅವ್ರ ಅಜ್ಜಿ ಭಾಳ ಜೋರಂತೆ. ಅವ್ರ ಕಣದಲ್ಲೇ ಹೊಲ್ದಿರೋ ರವಿಕೆ ಹಾಕ್ಕಂಡು ಕುಂತ್ರೇನೇ ಎಲೆ ಅಡಿಕೆ ತಟ್ಟೆ ಮುಟ್ಟೋದಂತೆ. ದೊಡ್ಡ ಸೊಸೆದು ರವಿಕೆ ಬೇರೆ ಬಟ್ಟೆದು ಅಂತ ಸಂಜೆವರೆಗೂ ಊಟಕ್ಕೇ ಏಳ್ಲಿಲ್ವಂತೆ. ನೀವೇ ಹೊಲೀರಿ ಅತ್ತೆ. ಹಿಂದ್ಗಡೆ ತಾವರೆ ಥರ ಕತ್ತಿರ್ಲಿ."

ಅವಳಿಗೆ ಆ ಹುಡುಗ ಮನಸ್ಸಿಗೆ ಬಂದಿದ್ದ. ಅದು ದನಿಯಲ್ಲೇ ತಿಳಿಯುತ್ತಿತ್ತು. ನಾನು ಆಗಲಿ ಎಂದೆ. ಕಣವೂ ಅವಳ ಅಳತೆ ರವಿಕೆಯೂ ನಮ್ಮ ಮನೆಗೆ ಬಂದವು.

ಬಿಡಿಸಿದೆ. ಹೊಸ ಲ್ಯಾಪ್‌ಟಾಪಿನಿಂದ ಪ್ರಿಂಟಿಗೆ ಹೋಗುವ ಮೊದಲ ಚಿತ್ರ ಅದೇ. ಪದ್ಧತಿಯಂತೆ ಪರದೆಯ ಮೇಲೆ ಟೇಪ್ ಇಟ್ಟೆ. ಕತ್ತಿನ ಆಳ ಕಡಿಮೆ ಕಂಡಿತು. ಹಿಗ್ಗಿಸಿದೆ. ಮತ್ತೆ ಟೇಪ್ ಇಟ್ಟೆ, ಇನ್ನಷ್ಟು ಹಿಗ್ಗಿಸಿದೆ, ಬೇಕಾದ ಇಂಚಿಗೆ ಸರಿಯಾಗಿ ಕೂತಿತು. ಕತ್ತರಿಸುವಾಗ ಬಟ್ಟೆಯನ್ನು ಎರಡು ಮಡಿಕೆ ಮಾಡುವುದರಿಂದ ಕಾಗದದಲ್ಲಿ ಅರ್ಧ ತಾವರೆ ಮಾತ್ರ ಇರುತ್ತದೆ. ಜೆರಾಕ್ಸ್ ಅಂಗಡಿಯಿಂದ ಅರ್ಧ ತಾವರೆ ಬಂತು. ಮಡಿಕೆಗೆ ಹೊಂದಿಸಿ ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿ ಆಡಿಸಿ, ಬಟ್ಟೆ ಬಿಚ್ಚಿದೆ.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಕಣ್ಣೆತ್ತಿ ನೋಡಿದರು. "ಇದ್ಯಾಕವ್ವ, ಹಿಂದ್ಗಡೆ ಬಾಗ್ಲು ಇಟ್ಟೀಯ?"

ಹುಡುಗಿಯ ಅಳತೆ ರವಿಕೆಯನ್ನು ಅದರ ಮೇಲಿಟ್ಟೆ. ಹೊಸ ಕತ್ತು ಹಳೆಯದನ್ನು ಪೂರಾ ನುಂಗಿ, ಇನ್ನೂ ಜಾಗ ಉಳಿಸಿಕೊಂಡಿತ್ತು. ಹಾಕಿಕೊಂಡರೆ ಎರಡೂ ಹೆಗಲಿನಿಂದ ಜಾರಿ ಮೊಣಕೈಗೆ ಬರುವುದು ಖಂಡಿತ. ನನ್ನ ಕೈ ತಣ್ಣಗಾಯಿತು, ಆ ಲ್ಯಾಪ್‌ಟಾಪಿನಷ್ಟೇ.

ಇವರು ಸ್ಕೂಲಿನಿಂದ ಬಂದರು. ನಾನು ಬಟ್ಟೆ ಎತ್ತಿ ಹಿಡಿದೆ. ಕತ್ತಿನ ತೂತಿನಲ್ಲಿ ಇವರ ಮುಖ ಪೂರ್ತಿ ಕಾಣುತ್ತಿತ್ತು. ಇವರು ಟೇಪ್ ತೆಗೆದುಕೊಂಡು ಒಮ್ಮೆ ಪರದೆ ಅಳೆದರು, ಒಮ್ಮೆ ಕಾಗದ ಅಳೆದರು. ಮುಖ ಅರಳಿತು.

"ಓಹೋ! ಸ್ಕೇಲಿಂಗು ಕಣೇ! ಪರದೆ ಮೇಲೆ ಕಾಣೋ ಇಂಚು ನಿಜವಾದ ಇಂಚಲ್ಲ. ಈ ದಟ್ಟ ಪರದೇಲಿ ಇನ್ನೂರು ಇಟ್ರೂ ಅದು ಕುಗ್ಗೇ ಕಾಣ್ತೈತೆ. ಕಾಗ್ದ ಮಾತ್ರ ನಿಜ ಹೇಳ್ತೈತೆ. ನೀನು ಪರದೆಗೆ ಸರಿ ಮಾಡ್ದೆ, ಅದ್ಕೆ ಕಾಗ್ದದಲ್ಲಿ ದೊಡ್ದಾತು. ಎಷ್ಟ್ ಚಂದ ಐತೆ ಲೆಕ್ಕ!"

"ರೀ, ಹುಡುಗಿ ಹೆಗಲ ಮೇಲೆ ನಿಮ್ಮ ಲೆಕ್ಕ ನಿಲ್ಲುತ್ತಾ?"

"ಇದನ್ನ ಇಂಟರ್ನೆಟ್ಟಲ್ಲಿ ಲಿನಕ್ಸಿನೋರ ಫೋರಮ್ಮಿನಲ್ಲಿ ಬರೀಬೇಕು. ಟೇಪ್ ಇಟ್ಟು ಅಳ್ದೋರು ಪ್ರಪಂಚದಲ್ಲಿ ಯಾರೂ ಇರಲ್ಲ."

"ಲೇ," ಅತ್ತೆ ಮಗನಿಗೆ ಅಂದರು, "ಸುಮ್ನೆ ಕುಂತು ಅವರೆಕಾಯಿ ಸುಲಿ."

ಅವರು ಸುಲಿದರು. ನಾನು ಆ ತೂತನ್ನೇ ನೋಡುತ್ತಾ ಕುಳಿತೆ. ಕತ್ತರಿಸಿ ಬಿದ್ದ ತುಂಡು ಮಡಿಲಲ್ಲೇ ಇತ್ತು, ದೊಡ್ಡದೊಂದು ತಾವರೆ. ಸುಮ್ಮನೆ ಅದನ್ನು ತೂತಿನೊಳಗೆ ಇಟ್ಟು ನೋಡಿದೆ. ಮತ್ತೆ ಸ್ವಲ್ಪ ಕೆಳಗೆ ಜಾರಿಸಿ ನೋಡಿದೆ. ಅದರ ಅಂಚು ಸ್ವಲ್ಪ ಕತ್ತರಿಸಿ, ಸುತ್ತ ಒಂದು ಬೆರಳಿನಷ್ಟು ಸಂದು ಬಿಟ್ಟು, ತೂತಿಗೆಲ್ಲ ತೆಳ್ಳನೆಯ ನೆಟ್ ಬಟ್ಟೆ ಹಾಕಿ, ಅದರ ಮೇಲೆ ಈ ತಾವರೆಯನ್ನೇ ಕೂರಿಸಿದರೆ? ನೆಟ್ ಬಿಗಿಯಾಗಿ ಹಿಡಿದರೆ ಹೆಗಲು ಜಾರುವುದಿಲ್ಲ.

ತಾವರೆಯ ದಳಗಳನ್ನು ಅದೇ ಲ್ಯಾಪ್‌ಟಾಪಿನಲ್ಲಿ ಬಿಡಿಸಿದೆ. ಈ ಸಲ ಮೂಲೆಯಲ್ಲಿ ಒಂದಿಂಚಿನ ಚೌಕ ಹಾಕಿ, ಪ್ರಿಂಟ್ ತೆಗೆಸಿ, ಕಾಗದದ ಮೇಲಿನ ಚೌಕವನ್ನು ಅಳೆದೆ. ಇವರು ಅಳೆದರು. ಜೆರಾಕ್ಸ್ ಅಂಗಡಿಯವನು, "ಯಾಕ್ ಮೇಷ್ಟ್ರೇ, ನಮ್ ಪ್ರಿಂಟರ್ ಮೇಲೆ ನಂಬಿಕೆ ಹೋಯ್ತಾ?" ಎಂದು ತಾನೂ ಒಂದು ಸ್ಕೇಲ್ ತಂದು ಅಳೆದ. ಮೂವರ ಇಂಚೂ ಒಂದೇ ಆಯಿತು. ಆಮೇಲೆ ಕತ್ತರಿ ಮುಟ್ಟಿದೆ.

ನಿಶ್ಚಿತಾರ್ಥದ ಬೆಳಿಗ್ಗೆ ಬಸ್ಸಿನಲ್ಲಿ ಚಿತ್ರದುರ್ಗ ದಾಟಿ, ಐಮಂಗಲ ದಾಟಿ ಹಿರಿಯೂರು ಸೇರುವವರೆಗೂ ರವಿಕೆಯ ಚೀಲ ನನ್ನ ತೊಡೆ ಬಿಟ್ಟು ಇಳಿಯಲಿಲ್ಲ. ಒಳಕೋಣೆಯಲ್ಲಿ ಹುಡುಗಿಗೆ ತೊಡಿಸಿ, ನಡೆದದ್ದೆಲ್ಲ ಹೇಳಿದೆ. ಅವಳು ಕನ್ನಡಿಗೆ ಬೆನ್ನು ಕೊಟ್ಟು, ಕತ್ತು ತಿರುಗಿಸಿ ನೋಡಿಕೊಂಡು, "ಚಂದ ಐತೆ ಅತ್ತೆ. ಆದ್ರೆ ಆ ಅಜ್ಜಿ?" ಎಂದಳು. ನಾದಿನಿ ಮಾತ್ರ, "ಅತ್ತಿಗೆ, ತುಂಡು ತುಂಡು ಮಾಡಿ ಜೋಡ್ಸೀರಲ್ಲ! ಏನ್ ಹೇಳಾಣ ಅವ್ರಿಗೆ?" ಎಂದು ಸೆರಗಿನ ತುದಿ ಹಿಂಡತೊಡಗಿದಳು.

ಸೀರೆ ಬಂತು. ಹುಡುಗಿ ಉಟ್ಟು ಬಂದು ಕುರ್ಚಿಯ ಅಂಚಿನಲ್ಲಿ, ಬೆನ್ನು ಎಲ್ಲಿಗೂ ತಾಗಿಸದೆ ನೆಟ್ಟಗೆ ಕುಳಿತಳು. ಹುಡುಗನ ಅಜ್ಜಿ ಎದ್ದು, ನೇರ ಅವಳ ಹಿಂದಕ್ಕೆ ಬಂದರು. ಎಲೆ ಅಡಿಕೆ ತಟ್ಟೆ ಹಿಡಿದಿದ್ದವರು ಹಾಗೇ ನಿಂತರು. ಅಜ್ಜಿ ಕನ್ನಡಕ ಏರಿಸಿ, ತಾವರೆಯ ಅಂಚಿನುದ್ದಕ್ಕೂ ಬೆರಳಾಡಿಸಿದರು.

"ಇದು ನಮ್ ಕಣದ ಬಟ್ಟೆನೇನು?"

"ಹೌದ್ರೀ," ಎಂದೆ.

"ಕತ್ತಿನ ತೂತಿಂದು ತೆಗ್ದು, ತೂತಿಗೇ ಹಾಕೀಯ?"

ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಹೌದ್ರೀ."

ಅಜ್ಜಿ ತಮ್ಮ ದೊಡ್ಡ ಸೊಸೆಯ ಕಡೆ ತಿರುಗಿದರು. "ನೋಡೇ! ನಮ್ಮೂರ ಟೈಲರ್ ಕತ್ತಿನ್ ಬಟ್ಟೆ ಎಲ್ಲಾ ಬಾಚ್ಕಂಡು ಹೋಗ್ತಾನೆ. ಕೇಳಿದ್ರೆ ವೇಸ್ಟು ಅಂತಾನೆ. ಇವ್ರು ಒಂದ್ ಚೂರೂ ಬಿಸಾಕ್ದೆ ನಮ್ದು ನಮಗೇ ಕೊಟ್ಟವ್ರೆ. ಮನೆತನ ಅಂದ್ರೆ ಇದು!" ಆಮೇಲೆ ನನ್ನನ್ನು, "ಎಲ್ಲಿ ಕಲ್ತೆ ತಾಯಿ?" ಎಂದರು.

ನಾನು ಬಾಯಿ ತೆಗೆಯುವ ಮುಂಚೆ ಇವರು ಮುಂದೆ ಬಂದರು. "ಅದು ಲಿನಕ್ಸಿನಲ್ಲಿ ಮಾಡಿದ್ದು ಅಜ್ಜಿ. ಪರದೆ ಭಾಳ ದಟ್ಟ ಇದ್ದಾಗ ಏನಾಗ್ತೈತೆ ಅಂದ್ರೆ..."

"ಯಜಮಾನ್ರೇ, ಕುಂತ್ಕಳ್ರಿ. ನಾನ್ ಹೊಲ್ದೋರನ್ನ ಕೇಳಿದ್ದು," ಎಂದರು ಅಜ್ಜಿ. ಇವರು ಕುಳಿತರು. ಇವರನ್ನು ಕೂರಿಸಲಿಕ್ಕೆ ಮನೆಯಲ್ಲಿ ಒಬ್ಬರು, ಇಲ್ಲಿ ಒಬ್ಬರು.

ಅಜ್ಜಿ ನನ್ನ ಪಕ್ಕಕ್ಕೆ ಬಗ್ಗಿ, ಯಾರಿಗೂ ಕೇಳದ ಹಾಗೆ ಅಂದುಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಮದ್ವೆಗೆ ನಂಗೂ ಒಂದು ಹೊಲ್ಕೊಡು. ಕಿಟ್ಕಿ ಗಿಟ್ಕಿ ಬ್ಯಾಡ, ಶೀತ ಆಗ್ತೈತೆ. ಹೂವು ಒಂದಿದ್ರೆ ಸಾಕು."

ತಟ್ಟೆ ಮುಂದೆ ಸರಿಯಿತು. ಅಜ್ಜಿ ಮುಟ್ಟಿದರು. ಅಲ್ಲಿಯವರೆಗೆ ಕುರ್ಚಿಯ ಅಂಚಿನಲ್ಲೇ ಕುಳಿತಿದ್ದ ಹುಡುಗಿ ಆರಾಮಾಗಿ ಹಿಂದಕ್ಕೆ ಒರಗಿ, ಹುಡುಗನ ಕಡೆ ಒಂದು ಸಲ ನೋಡಿ, "ಅತ್ತೆ, ಹಸಿವು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಎಂದಳು. ನಾನು ಎದ್ದು ಹೋಳಿಗೆ ತರಲು ಒಳಗೆ ಹೋದೆ.