ಹೊಲಿಗೆ ಬಿಟ್ಟಿರಲಿಲ್ಲ

ಹೋದ ಭಾನುವಾರ ನನ್ನ ಮಗಳು ಹೊಸ ಟಾಪ್‌ಗೆ ಇಸ್ತ್ರಿ ಮಾಡುತ್ತಾ ಫೋನಿನಲ್ಲಿ ಮೈಮರೆತಳು. ಪಾಲಿಯೆಸ್ಟರ್ ಕರಗಿದ ವಾಸನೆ ಮೆಟ್ಟಿಲಿಳಿದು ಅಡುಗೆಮನೆಗೆ ಬಂತು. ಮೇಲೆ ಓಡಿ ಬೈಯಬೇಕಾದವಳು ನಾನು ಸೌಟು ಹಿಡಿದು ನಿಂತಲ್ಲೇ ನಿಂತೆ. ನಿಮಗೂ ಹೀಗಾಗಿರಬಹುದು, ಮೂಗು ನಮ್ಮನ್ನು ಕೇಳದೆ ಎಷ್ಟೋ ವರ್ಷ ಹಿಂದಕ್ಕೆ ಹೊರಟುಬಿಡುತ್ತದೆ.

ಆ ವಾಸನೆಯೊಳಗೆ ನಾನು ಏಳು ವರ್ಷ ಕೆಲಸ ಮಾಡಿದ್ದೇನೆ. ಮಿಶಿಗನ್ ರಾಜ್ಯದ ವಿಕ್ಸಮ್ ಊರಿನ ಇಂಡಸ್ಟ್ರಿಯಲ್ ಪಾರ್ಕಿನ ಒಂದು ಶೆಡ್ಡಿನಲ್ಲಿ ದೋಣಿಗಳ ಹಾಯಿ ಹೊಲಿಯುವ ಅಂಗಡಿಯಿತ್ತು. ಅಲ್ಲಿ ಬಟ್ಟೆಗೆ ಕತ್ತರಿ ಹಾಕುವುದಿಲ್ಲ, ಕಾದ ಚಾಕುವಿನಿಂದ ಕತ್ತರಿಸುತ್ತಾರೆ. ಅಂಚು ಕರಗಿ ಗಟ್ಟಿಯಾಗಿ ಎಳೆ ಬಿಡುವುದಿಲ್ಲ. ನಾನು ಚನ್ನಪಟ್ಟಣದ ದರ್ಜಿಯ ಮಗಳು. ಮನೆಯಲ್ಲಿ ಉರ್ದು, ಜಗಳಕ್ಕೆ ಕನ್ನಡ. ಈಜು ಬಾರದು. ಶಿಕಾಗೋದಲ್ಲಿ ಮಿಶಿಗನ್ ಸರೋವರವನ್ನು ಮೊದಲ ಸಲ ಕಂಡಾಗ ಬೆರಳದ್ದಿ ನಾಲಿಗೆಗಿಟ್ಟು, ‘ಅಯ್ಯೋ, ಉಪ್ಪೇ ಇಲ್ವಲ್ರೀ’ ಎಂದು ಗಂಡನನ್ನು ನಗಿಸಿದವಳು. ಅಂಥವಳ ಕೈಗೆ ಹಾಯಿಗಳು ಬಂದವು.

ಎರಡು ಕಟ್ಟಡ ಆಚೆ ಕಾರಿನ ಬಿಡಿಭಾಗಗಳ ಸಣ್ಣ ಕಾರ್ಖಾನೆಯೊಂದಿತ್ತು. ಮಾಲೀಕ ರಾಲ್ಫ್ ಬ್ರಿಟನ್ನಿನವರು. ಒಂದು ವರ್ಷಕ್ಕೆಂದು ಬಂದು ಇಪ್ಪತ್ತು ವರ್ಷ ಉಳಿದ ಮನುಷ್ಯ. ಆರಡಿ ಎತ್ತರ, ಬಿಸಿಲಿಗೆ ಸದಾ ಸಿಪ್ಪೆಯೇಳುತ್ತಿದ್ದ ಮೂಗು. ತಮ್ಮ ಸೂಪರ್‌ವೈಸರ್ ಡೆನಿಸ್‌ನನ್ನು ಜೊತೆಗಿಟ್ಟುಕೊಂಡು ಶಿಕಾಗೋದಿಂದ ಸರೋವರದ ಉತ್ತರದ ತುದಿಯವರೆಗೆ, ಇಬ್ಬರೇ, ಅದುವರೆಗೆ ಯಾರೂ ಹೋಗದಷ್ಟು ಬೇಗ ಹಾಯಿದೋಣಿ ಓಡಿಸಿದ್ದರು. ಆ ಕಥೆಯನ್ನು ನನಗೇ ಹತ್ತು ಸಲ ಹೇಳಿರಬೇಕು. ಒಂದೊಂದು ಸಲಕ್ಕೂ ಅಲೆ ಒಂದಡಿ ಬೆಳೆಯುತ್ತಿತ್ತು. ಡೆನಿಸ್ ಹಿಂದೆ ನಿಂತು ಗುಟ್ಟಾಗಿ ಕೈಯಿಂದ ಅಲೆಯ ನಿಜವಾದ ಎತ್ತರ ತೋರಿಸುತ್ತಿದ್ದ. ನನಗೆ ಇಬ್ಬರೂ ಇಷ್ಟವಾಗಿದ್ದರು.

ತೊಂಬತ್ತರ ದಶಕ ಮುಗಿಯುತ್ತಾ ಬಂದ ಒಂದು ಬೇಸಿಗೆಯಲ್ಲಿ ಯಾರೋ ಇಬ್ಬರು ಹುಡುಗರು ಆ ದಾಖಲೆ ಮುರಿದರು. ರಾಲ್ಫ್ ಕಥೆ ಹೇಳುವುದು ನಿಂತಿತು. ಸೆಪ್ಟೆಂಬರಿನಲ್ಲಿ ಒಂದು ದಿನ ಹಳೆಯ ದೊಡ್ಡ ಹಾಯಿಯನ್ನು ಹೊತ್ತು ತಂದು ನನ್ನ ಮೇಜಿನ ಮುಂದೆ ಹಾಸಿದರು. ದಾಖಲೆ ಮತ್ತೆ ತಮ್ಮದಾಗಬೇಕಂತೆ. ಹೊಸ ಹಾಯಿಗೆ ಹೇಳಿದ್ದರಂತೆ, ಬರುವುದು ತಡವಂತೆ. ಗಾಳಿ ಈಗ ಚೆನ್ನಾಗಿದೆ, ಇನ್ನೆರಡು ವಾರಕ್ಕೆ ಚಳಿ ಹಿಡಿಯುತ್ತದೆ. ಎರಡು ಕಡೆ ಹರಿದಿದೆ, ಹೊಲಿದುಕೊಡು.

ನಾನು ಹೆಬ್ಬೆರಳಿಟ್ಟು ಒತ್ತಿ ನೋಡಿದೆ. ಬಿಸಿಲು ತಿಂದು ಬಟ್ಟೆ ಪಿಸಿದಿತ್ತು.

“ಹೊಲಿಗೆ ನಿಲ್ಲುತ್ತೆ. ಬಟ್ಟೆ ನಿಲ್ಲಲ್ಲ,” ಎಂದೆ.

“ಒಂದೇ ಸಲಕ್ಕೆ. ನೀನು ಹೊಲಿ,” ಎಂದರು. ದನಿ ಗಡುಸಾಗಿತ್ತು.

ಹೊಲಿದೆ. ಮೂರು ಸಾಲು ಹೊಲಿಗೆ, ನನ್ನ ಅಬ್ಬಾ ನೋಡಿದ್ದರೂ ತಪ್ಪು ಹುಡುಕಲಾಗದಂಥದ್ದು. ಅದನ್ನು ಒಯ್ಯಲು ಬಂದವನು ಡೆನಿಸ್. ಹೆಗಲಿಗೇರಿಸಿಕೊಂಡು ಬಾಗಿಲವರೆಗೆ ಹೋದವನು ತಿರುಗಿ ಕೇಳಿದ: “ನಿಜ ಹೇಳು. ಇದನ್ನ ನಂಬಿ ನೀನು ದೋಣಿ ಹತ್ತುತ್ತೀಯಾ?”

ಅವನು ನಗುತ್ತಿದ್ದ. ಕಣ್ಣು ಮಾತ್ರ ನಗುತ್ತಿರಲಿಲ್ಲ. ಅದು ನನಗೆ ಆಗಲೇ ಕಂಡಿತ್ತು. ರಾಲ್ಫ್ ಅಂಗಡಿಯ ಗಿರಾಕಿ, ದೊಡ್ಡ ಮನುಷ್ಯ, ನಮಗೇಕೆ ಎಂದುಕೊಂಡೆನೋ ಏನೋ, “ನಾನು ಬಾತ್‌ಟಬ್ ಹತ್ತೋಕೂ ಹೆದರ್ತೀನಿ, ನನ್ನ ಕೇಳ್ತೀಯಲ್ಲ!” ಎಂದೆ. ಇಬ್ಬರೂ ಜೋರಾಗಿ ನಕ್ಕೆವು. ಅವನು ಹೋದ.

ಅವರಿಬ್ಬರೂ ಹೊರಟ ಮರುದಿನ ಗಾಳಿ ಹೆಚ್ಚಾಯಿತು. ಹಾಯಿ ಹರಿಯಿತು. ಹರಿದದ್ದನ್ನು ಇಳಿಸಲು ಡೆನಿಸ್ ಮುಂದಕ್ಕೆ ಹೋದಾಗ ಹಾಯಿಯ ಅಡಿಯ ಅಡ್ಡಮರ ಬೀಸಿ ಬಡಿದು ಅವನನ್ನು ನೀರಿಗೆ ಎಸೆಯಿತು. ನಾಲ್ಕು ದಿನದ ಮೇಲೆ ದೇಹ ದಡ ಸೇರಿತು. ರಾಲ್ಫ್ ಬದುಕಿದರು. ವಿಚಾರಿಸಲು ಬಂದವರಿಗೆ ಅವರು ಹೇಳಿದ್ದು ಒಂದೇ ಮಾತು: ರಿಪೇರಿ ಮಾಡಿದ ಹೊಲಿಗೆ ಬಿಟ್ಟುಕೊಂಡಿತು.

ನನಗೆ ಅನ್ನ ಸೇರಲಿಲ್ಲ. “ದೋಣಿ ನೀನು ಓಡಿಸಿದ್ಯಾ? ಹೊಲಿ ಅಂದ್ರು, ಹೊಲಿದೆ. ಸುಮ್ನೆ ತಲೆ ಕೆಡಿಸ್ಕೋಬೇಡ, ಊಟ ಮಾಡು,” ಎಂದು ಗಂಡ ಬೈದರು. ಮೆಷಿನ್ ಮುಂದೆ ಕೂತರೆ ಕಾಲು ಪೆಡಲ್ ಒತ್ತುತ್ತಿರಲಿಲ್ಲ.

ಮೂರನೆಯ ವಾರ ಡೆನಿಸ್‌ನ ಹೆಂಡತಿ ಮಾರ್ಲಿನ್ ಪಕ್ಕದೂರು ನಾರ್ತ್‌ವಿಲ್‌ನಿಂದ ಡ್ರೈವ್ ಮಾಡಿಕೊಂಡು ಬಂದಳು. ಕಾರಿನ ಡಿಕ್ಕಿಯಲ್ಲಿ ಆ ಹಾಯಿ. “ಯಾವ ಹೊಲಿಗೆ ಅಂತ ನನಗೆ ತೋರಿಸು,” ಎಂದಳು. ಇಬ್ಬರೂ ಹಿಡಿದು ಹಾಸಿದೆವು. ನನ್ನ ಮೂರು ಸಾಲು ಹಾಗೇ ಇದ್ದವು. ಅದರ ಪಕ್ಕಕ್ಕೆ ಬಟ್ಟೆ ಉದ್ದಕ್ಕೆ ಸೀಳಿತ್ತು.

“ಅವನಿಗೆ ಗೊತ್ತಿತ್ತಾ?”

“ರಾಲ್ಫ್‌ಗೆ ನಾನೇ ಹೇಳಿದ್ದೆ.”

“ಡೆನಿಸ್‌ಗೆ?”

ನಾನು ಹಾಯಿ ಮಡಿಸತೊಡಗಿದೆ. “ಅವನು ಬರೀ ಒಯ್ಯೋಕೆ ಬಂದಿದ್ದ,” ಎಂದೆ.

ಅವಳು ಹೋಗಿ ರಾಲ್ಫ್‌ಗೆ ಏನು ಹೇಳಿದಳೋ ತಿಳಿಯದು. ಅವರು ಬಂದು ಬಾಗಿಲಲ್ಲೇ ನಿಂತು, “ನಾನು ಸುಳ್ಳು ಹೇಳಿದೆ. ವಿಚಾರಣೆಯವರ ಹತ್ರ ಅದನ್ನ ತಿದ್ದಿ ಬಂದಿದೀನಿ,” ಎಂದು ಹೊರಟುಹೋದರು. ದೋಣಿ ಮಾರಿದರು. ಕೆಲವು ವರ್ಷಕ್ಕೆ ಕಾರ್ಖಾನೆಯೂ ಮುಚ್ಚಿತು. ನೀರು ಕಣ್ಣಿಗೆ ಬೀಳದ ಜಾಗ ಬೇಕೆಂದು ಶಿಕಾಗೋ ಆಚೆ ಒಂದು ಸಣ್ಣ ಮನೆ ಹಿಡಿದರು. ಅಲ್ಲೇ ಹತ್ತಿರದ ಲೆಮಾಂಟ್‌ಗೆ ಗೆಳತಿಯ ಮನೆಗೆ ಹೋದಾಗ ಒಮ್ಮೆ ಅವರನ್ನು ನೋಡಿ ಬಂದೆ. ಮೂಗಿನ ಸಿಪ್ಪೆ ನಿಂತು ಮುಖ ಬಿಳಿಚಿಕೊಂಡಿತ್ತು. ಹೊರಡುವಾಗ ಕೇಳಿದರು: “ಹಾಯಿ ಒಯ್ಯೋಕೆ ಬಂದಾಗ ಡೆನಿಸ್ ನಿನ್ನ ಏನಾದ್ರೂ ಕೇಳಿದ್ನಾ?”

“ಇಲ್ಲ,” ಎಂದೆ.

“ಹಾಗಾದ್ರೆ ಅವನಿಗೆ ಏನೂ ಗೊತ್ತಿರಲಿಲ್ಲ. ನನ್ನನ್ನ ನಂಬಿ ಬಂದ,” ಎಂದು ಬಾಗಿಲು ಹಾಕಿಕೊಂಡರು.

ಕಳೆದ ಚಳಿಗಾಲ ಅವರು ತೀರಿಕೊಂಡರು. ಒಬ್ಬರೇ ಇದ್ದರು, ಪಕ್ಕದ ಮನೆಯವರಿಗೆ ಎರಡು ದಿನ ತಿಳಿಯಲಿಲ್ಲ.

ಸುಟ್ಟ ಟಾಪ್ ಹಿಡಿದು ಕೆಳಗೆ ಬಂದ ಮಗಳಿಗೆ ಇದಿಷ್ಟನ್ನೂ ಹೇಳಿದೆ. ಅವಳು “ಜಸ್ಟ್ ಟೆಲ್ ಮಾರ್ಲಿನ್, ಅಮ್ಮಿ,” ಎಂದಳು. ಇಂಗ್ಲಿಷಿನಲ್ಲಿ ಎಲ್ಲವೂ ಸುಲಭ. ಆದರೂ ಇವತ್ತು ಬೆಳಿಗ್ಗೆ ನಾರ್ತ್‌ವಿಲ್‌ಗೆ ಹೋದೆ.

ಮಾರ್ಲಿನ್‌ಳ ಅಡುಗೆಮನೆಯಲ್ಲಿ ಕೂತು, ಡೆನಿಸ್ ಕೇಳಿದ್ದನ್ನೂ ನಾನು ನಗಿಸಿ ಕಳಿಸಿದ್ದನ್ನೂ ಹೇಳಿದೆ. ಎದ್ದು ಹೋಗೆನ್ನುತ್ತಾಳೆಂದು ಕಾದೆ.

“ಬಾತ್‌ಟಬ್,” ಎಂದಳು ಅವಳು. “ಅವತ್ತೇ ಊಟಕ್ಕೆ ಕೂತಾಗ ಹೇಳಿದ. ಹಾಯಿ ಸರಿಯಿಲ್ಲ ಅಂತಾನೂ ಹೇಳಿದ. ನಾನೂ ನಕ್ಕೆ. ಹೋಗಬೇಡ ಅನ್ನಲಿಲ್ಲ.”

ನಾನು ಕೇಳಿದೆ: “ರಾಲ್ಫ್ ನಿನ್ನನ್ನೂ ಕೇಳಿದ್ರಾ?”

“ಎರಡು ಸಲ ಫೋನ್ ಮಾಡಿ ಕೇಳಿದ. ಡೆನಿಸ್‌ಗೆ ಏನೂ ಗೊತ್ತಿರಲಿಲ್ಲ ಅಂದೆ.”

ಇಷ್ಟು ವರ್ಷ ಆ ಸುಳ್ಳು ಹೇಳಿದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಇಬ್ಬರೂ ಸೇರಿ ಆ ಮನುಷ್ಯನ ಮೇಲೆ ತಪ್ಪಿನಲ್ಲಿ ನಮ್ಮ ಪಾಲನ್ನೂ ಹೇರಿ, ಹೊತ್ತುಕೊಂಡೇ ಸಾಯಲು ಬಿಟ್ಟಿದ್ದೆವು. ಅವರನ್ನು ಎಲ್ಲಿ ಮಣ್ಣು ಮಾಡಿದ್ದಾರೆ ಎಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ.